ಹತ್ತನೆಯ ಚೀಟಿ

"ಆಯಿ, ಕೈ ಕಟ್ಟು. ನೆಟ್ಟಗ ಕುಂದ್ರು. ಹಿಂದಿನವರಿಗೆ ಬೋರ್ಡ್ ಕಾಣಬೇಕು!"

ರಾಯವ್ವನ ಹಿಂದೆ ಇದ್ದದ್ದು ಕಟ್ಟಿಗೆಯ ರಾಶಿ ಮತ್ತು ಅದರ ಮೇಲೆ ನಿದ್ದೆಗೆ ಬಿದ್ದ ಬೆಕ್ಕು. ಅವಳ ಎರಡೂ ಕೈ ಜೋಳದ ಹಿಟ್ಟಿನೊಳಗಿದ್ದವು.

"ನಾ ಕೈ ಕಟ್ಟಿದ್ರ ರೊಟ್ಟಿ ನಿಮ್ಮ ಅಜ್ಜಾರು ಬಡೀತಾರೇನು?"

"ಪಾಠದ ನಡುವ ಮಾತಾಡಬಾರದು," ಎಂದಳು ಮೊಮ್ಮಗಳು ಮಧು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಸಣ್ಣಗೆ ಕೆಮ್ಮಿ, ಸೆರಗಿನ ಬದಲು ಫ್ರಾಕಿನ ತುದಿಯನ್ನೇ ಸೊಂಟಕ್ಕೆ ಸಿಗಿಸಿಕೊಂಡಳು. ಮುರಗೋಡದ ಸಾಲಿಗೆ ಪಾಠ ಹೇಳಲು ಹೊಸದಾಗಿ ಬಂದಿದ್ದ ರಾಜೇಶ್ವರಿ ಅಕ್ಕೋರೇ ಒಲೆಯ ಮುಂದೆ ನಿಂತಂತಿತ್ತು. ಪಡಸಾಲೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತಿದ್ದ ತಾಯಿ ರಂಜನಾ ನಗು ತಡೆಯಲಾರದೆ ದಾರ ಹರಿದುಕೊಂಡಳು.

ಮಧು ಎರಡನೆಯ ಇಯತ್ತೆ. ಮನೆಯಲ್ಲಿ ಇಷ್ಟು ಬಾಯಿ ಇರುವ ಹುಡುಗಿ ಸಾಲಿಯ ಹೊಸ್ತಿಲು ದಾಟಿದ ಕೂಡಲೆ ಬಾಯಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಳು. ಅಕ್ಷರ ಬರುತ್ತಿದ್ದವು, ದನಿ ಬರುತ್ತಿರಲಿಲ್ಲ. ಅವಳ ತರಗತಿಯಲ್ಲಿ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳು ಒಟ್ಟಿಗೆ, ಎರಡು ವರ್ತುಳ ಮಾಡಿಕೊಂಡು ಕೂಡುತ್ತಿದ್ದರು. ಓದು ಬಂದವರದು ಕಿಟಕಿಯ ಬದಿ. ಅಲ್ಲಿ ಕಥೆಯ ಪುಸ್ತಕಗಳು ಹಗ್ಗಕ್ಕೆ ಜೋತು ಬಿದ್ದಿರುತ್ತಿದ್ದವು, ಯಾವುದನ್ನು ಬೇಕಾದರೂ ಇಳಿಸಿಕೊಳ್ಳಬಹುದು. ಇನ್ನೂ ಬಾರದವರದು ಅಕ್ಕೋರ ಕುರ್ಚಿಯ ಕಾಲಬುಡ. ಗೆಳತಿ ಶೈಲಜಾ ಕಿಟಕಿಗೆ ಹೋಗಿ ತಿಂಗಳಾಗಿತ್ತು. ಮಧು ಮಾತ್ರ ಒಂದನೆಯ ಇಯತ್ತೆಯ ಚಿಳ್ಳೆಪಿಳ್ಳೆಗಳ ನಡುವೆ, ಕುರಿಮರಿಗಳ ನಡುವೆ ಕರು ಕುಂತಂತೆ, ಕುರ್ಚಿಯ ಕಾಲು ಹಿಡಿದುಕೊಂಡೇ ಇದ್ದಳು.

ಅದಕ್ಕೆ ಅಕ್ಕೋರು ಒಂದು ಉಪಾಯ ಹೂಡಿದ್ದರು. ಕಾಲಬುಡದ ಮಕ್ಕಳೆಲ್ಲ ಮನೆಯಲ್ಲಿ ಯಾರಾದರೂ ಒಬ್ಬ ಹಿರಿಯರಿಗೆ ಓದು ಕಲಿಸಬೇಕು. ಮನೆಯೊಳಗಿನ ಹತ್ತು ಶಬ್ದ, ಮಗುವೇ ಬರೆದ ಹತ್ತು ಚೀಟಿ. ಶನಿವಾರ ಪಾಲಕರ ಸಭೆಗೆ ಆ ಹಿರಿಯರನ್ನು ಕರೆತರಬೇಕು. ಚೀಟಿಯನ್ನು ಹಿರಿಯರು ಓದಬೇಕು. ಆ ಶಬ್ದ ಹಚ್ಚಿ ಒಂದು ವಾಕ್ಯವನ್ನು ಮಗು ಬೋರ್ಡಿನ ಮೇಲೆ ಬರೆದು ಗಟ್ಟಿಯಾಗಿ ಓದಬೇಕು. ಹತ್ತೂ ಮುಗಿದರೆ ಕಿಟಕಿ. ಒಂದು ಉಳಿದರೂ ಮತ್ತೆ ಕುರ್ಚಿಯ ಕಾಲು.

ರಂಜನಾಗೆ ಓದು ಬರುತ್ತಿತ್ತು. ಬರುವವರಿಗೆ ಕಲಿಸುವುದರಲ್ಲಿ ಏನು ಮಜಾ? ಮಧು ಆಯಿಯನ್ನು ಆರಿಸಿಕೊಂಡಳು. ರಾಯವ್ವ ಮೊದಲು, "ನಾ ಸುಡಗಾಡಿನ ದಾರಿ ನೋಡೋ ವಯಸ್ಸಿನಾಗ ಬೋರ್ಡ್ ನೋಡ್ಲೇನು?" ಎಂದು ಗೊಣಗಿದಳು. ಆದರೆ ಮೊಮ್ಮಗಳು ಸಾಲಿಯ ಕಿಟಕಿಯ ಆ ಪುಸ್ತಕಗಳ ಬಣ್ಣಗಳನ್ನು ಬೆರಳು ಮಡಚಿ ಒಂದೊಂದಾಗಿ ಹೇಳುವುದನ್ನು ಕಂಡಳು. ಅಲ್ಲಿಗೆ ಮುಗಿಯಿತು. ಎಮ್ಮೆ ಒದ್ದರೂ ಹಾಲಿನ ಚರಿಗೆ ಬಿಡದ ಕೈ ಅದು.

ಪರಾತದಲ್ಲಿ ಹಿಟ್ಟು ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರ. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ. ಕೊನೆಗೆ ಆ ಅಕ್ಷರವನ್ನೇ ನಾದಿ, ಬಡಿದು, ಹಂಚಿಗೆ ಹಾಕುವುದು. "ಇವತ್ತಿನ 'ಹ' ಭಾರಿ ಮೆತ್ತಗ ಆಗೇತಿ," ಎನ್ನುತ್ತ ಅಜ್ಜ ಉಣ್ಣುತ್ತಿದ್ದ. ಮೊರದಲ್ಲಿ ಕಡಲೆ ಹಸನು ಮಾಡುವಾಗ ಕಾಳಿನ ಸಾಲಿನಿಂದ 'ರೊಟ್ಟಿ' ಮೂಡಿತು. ಉಪ್ಪಿನ ಪಾಕೀಟು, ಬೈಲಹೊಂಗಲದ ಬಸ್ಸಿನ ಬೋರ್ಡು, ಯಾವುದೂ ಆಯಿಯ ಕಣ್ಣಿನಿಂದ ಪಾರಾಗಲಿಲ್ಲ. ಬಸ್ಸು ನಿಲ್ಲುವ ಮೊದಲೇ ಅವಳು 'ಬೈ' ಮುಗಿಸಿರುತ್ತಿದ್ದಳು. 'ಲ' ಹೇಳುವಷ್ಟರಲ್ಲಿ ಬಸ್ಸು ಧೂಳೆಬ್ಬಿಸಿ ಹೋಗಿರುತ್ತಿತ್ತು.

ಜಗಳವೂ ಕಡಿಮೆ ಇರಲಿಲ್ಲ.

"ಎಮ್ಮಿ," ಎಂದು ಓದಿದಳು ಆಯಿ.

"ತಪ್ಪು. ಇದು ಎಮ್ಮೆ."

"ನಮ್ಮ ಹಿತ್ತಲದಾಗ ಇರೋದು ಎಮ್ಮಿ. ಈ ಎಮ್ಮೆ ಯಾರ ಮನೀದವಾ? ಎಷ್ಟು ಹಾಲು ಹಿಂಡತೈತಿ?"

ಮಧು ಅಕ್ಕೋರಂತೆ ಹಣೆ ಹಣೆ ಬಡಿದುಕೊಂಡಳು. ಆದರೂ ಚೀಟಿಗಳು ಒಂದೊಂದಾಗಿ ಬಂದವು: ರೊಟ್ಟಿ, ಹಂಚು, ಒಲೆ, ಮೊರ, ಬೆಕ್ಕು.

ಗುರುವಾರ ಸಂಜೆ ಇನ್ನೊಂದು ಸಂಗತಿ ನಡೆಯಿತು. ರಾಯವ್ವ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆಯ ಕೊಡ ತಿಕ್ಕುತ್ತಿದ್ದಳು. ಮದುವೆಯಲ್ಲಿ ಬಂದ ಕೊಡ. ಅದರ ಕಂಠದ ಕೆಳಗೆ ಕಂಚುಗಾರ ಕೊರೆದ ಚುಕ್ಕೆಚುಕ್ಕೆಯ ಗೆರೆಗಳು ಲಗ್ನದ ದಿನದಿಂದಲೂ ಇದ್ದವು. ಏನೋ ಬಳ್ಳಿ ಎಂದುಕೊಂಡು ತಿಕ್ಕುತ್ತ ಬಂದಿದ್ದಳು. ಅಂದು ಬೆರಳು ಅಲ್ಲಿಗೆ ಬಂದು ನಿಂತಿತು. 'ಬ'. ಅದರ ಪಕ್ಕ 'ಸ'. ಆಮೇಲೆ 'ವ'. ತುಟಿ ತಾನಾಗಿ ಅಲುಗಿತು. ಇದ್ದಕ್ಕಿದ್ದಂತೆ ಅವಳು ಅತ್ತಿತ್ತ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೊಡವನ್ನು ಮೂಲೆಗಿಟ್ಟು, ಅಕ್ಷರಗಳನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು.

ಅದು ಅವಳ ಗಂಡನ ಹೆಸರು.

ಬಸವಣ್ಣೆಪ್ಪನ ಹೆಸರನ್ನು ರಾಯವ್ವ ಎಂದೂ ಹೇಳಿದವಳಲ್ಲ. ಆ ಕಾಲದ ಹೆಣ್ಣುಮಕ್ಕಳು ಯಾರೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಯಲ್ಲಿ, ಬಸುರಿಯ ಸೀಮಂತದ ಕುಬಸದಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಹಟ ಮಾಡಿದರೆ ಮಾತ್ರ, ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಅಡಗಿಸಿ ಒಡಪು ಹಾಕುತ್ತಿದ್ದರು. ಅದೂ ಅವಳ ಬಾಯಿಂದ ಬಂದು ಎಷ್ಟೋ ವರ್ಷವಾಗಿತ್ತು. ಬಸವ ಜಯಂತಿಗೂ ಅವಳು 'ಅಣ್ಣಾರ ಜಯಂತಿ' ಎನ್ನುತ್ತಿದ್ದಳು.

ಬಸವಣ್ಣೆಪ್ಪನಿಗೆ ಅದೇ ಒಂದು ಆಟ. ಕಟ್ಟೆಯ ಮೇಲೆ ಕುಂತನೆಂದರೆ ಬಸ್ ಕಂಡಕ್ಟರ್, ಸಂತೆಯಲ್ಲಿ ಕುರಿ ಕೂಗುವವ, ಹೆಂಡತಿ ತವರಿಗೆ ಹೋದ ಕೋಣ, ಎಲ್ಲರ ದನಿಯೂ ಅವನ ಗಂಟಲಲ್ಲಿ ಇಳಿದುಕೊಳ್ಳುತ್ತಿತ್ತು. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಹೇಗೆ ಕೇಳೀತು ಎಂಬ ಒಂದು ದನಿ ಮಾತ್ರ ಅವನಿಗೆ ಅನುಕರಿಸಲು ಬರುತ್ತಿರಲಿಲ್ಲ. ಒಮ್ಮೆ ಹುಣ್ಣಿಮೆ ಜಾತ್ರೆಯ ಗದ್ದಲದಲ್ಲಿ, ಸವದತ್ತಿಯ ಬಸ್ ನಿಲ್ದಾಣದ ಕಂಬದ ಹಿಂದೆ ಬೇಕೆಂತಲೇ ಅಡಗಿ ನಿಂತಿದ್ದ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾದ. ರಾಯವ್ವ ನೆಟ್ಟಗೆ ಹೋಗಿ ಮೈಕಿನವನಿಗೆ ಮಗನ ಹೆಸರು ಹೇಳಿದಳು. "ಸಿದ್ದರಾಮನ ಅಪ್ಪ ಎಲ್ಲಿದ್ದರೂ ಬರಬೇಕು" ಎಂದು ಮೈಕು ಒದರಿತು. ಮೂರು ಮಂದಿ ಸಿದ್ದರಾಮನ ಅಪ್ಪಂದಿರು ಬೆವರು ಒರೆಸುತ್ತ ಓಡಿ ಬಂದರು. ಬಸವಣ್ಣೆಪ್ಪ ನಾಲ್ಕನೆಯವನಾಗಿ ಸರದಿಯಲ್ಲಿ ನಿಲ್ಲಬೇಕಾಯಿತು.

ಶನಿವಾರ ಮುಂಜಾನೆ ರಾಯವ್ವ ಜಳಕಕ್ಕೆ ಹೋಗಿದ್ದಳು, ಮಧು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಬಸವಣ್ಣೆಪ್ಪ ಗೂಡಿನಲ್ಲಿದ್ದ ಚೀಟಿಗಳ ಕಟ್ಟು ಬಿಚ್ಚಿದ. ಎಲ್ಲಕ್ಕಿಂತ ಕೆಳಗಿದ್ದ 'ಬಾಗಿಲು' ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಅದೇ ಅಳತೆಯ ರಟ್ಟಿನ ಮೇಲೆ, ಜೋಳದ ಚೀಲಕ್ಕೆ ಬರೆಯುವಂಥ ದಪ್ಪ ಅಕ್ಷರದಲ್ಲಿ, ತನ್ನ ಹೆಸರು ಬರೆದು ಸೇರಿಸಿದ. ಸಾಲಿಯಲ್ಲಿ ಅಕ್ಕೋರ ಮುಂದೆ, ಇಡೀ ಊರಿನ ಮುಂದೆ, ಈಗ ಹೆಂಗ ತಪ್ಪಿಸಿಕೋತಾಳ ನೋಡೂಣು ಎಂದು ಮೀಸೆಯೊಳಗೇ ನಕ್ಕ. ಚೀಟಿಯ ಆಚೆ ಒಂದು ಕಿಟಕಿ ಇದೆ ಎಂಬುದು ಅವನಿಗೆ ಆ ಹೊತ್ತು ಹೊಳೆಯಲಿಲ್ಲ.

ತರಗತಿಯ ತುಂಬ ಪಾಲಕರು. ಹೆಣ್ಣುಮಕ್ಕಳು ಜಮಖಾನೆಯ ಮೇಲೆ, ಗಂಡಸರು ಗೋಡೆಗೆ ಆತುಕೊಂಡು. ಮಧುಳ ಸರದಿ ಬಂದಾಗ ರಾಯವ್ವ ಹೊಸ ಇಳಕಲ್ಲ ಸೀರೆಯನ್ನು ಸರಿಮಾಡಿಕೊಂಡು, ಕೋರ್ಟಿನ ಕಟಕಟೆಗೆ ಹೋಗುವವಳಂತೆ ಮುಂದೆ ಬಂದಳು.

ಅಕ್ಕೋರು ಮೊದಲ ಚೀಟಿ ಹಿಡಿದರು.

"ರೊಟ್ಟಿ!" ರಾಯವ್ವನ ದನಿಗೆ ಕಿಟಕಿಯ ಗುಬ್ಬಿ ಹಾರಿತು.

ಮಧು ಬೋರ್ಡಿನ ಮೇಲೆ ಬರೆದಳು. ಓದಿದ್ದು ಮಾತ್ರ ಬಳಪಕ್ಕೂ ಕೇಳಿಸಲಿಲ್ಲ.

"ಗಟ್ಟಿ, ಮಧು."

"ಆಯಿ... ರೊಟ್ಟಿ... ಮಾಡುತ್ತಾಳೆ."

ಹಂಚು, ಒಲಿ, ಎಮ್ಮಿ. ಅಕ್ಕೋರು ನಕ್ಕು ಎಮ್ಮಿಯನ್ನು ಒಪ್ಪಿಕೊಂಡರು. ಚೀಟಿಯಿಂದ ಚೀಟಿಗೆ ರಾಯವ್ವನ ಬೆನ್ನು ನೆಟ್ಟಗಾಗುತ್ತ ಹೋಯಿತು, ಮಧುಳ ದನಿ ಬೆರಳು ಬೆರಳಷ್ಟು ಏರುತ್ತ ಹೋಯಿತು. ಒಂಬತ್ತು ಮುಗಿದವು. ಹುಡುಗಿ ಒಮ್ಮೆ ಕಿಟಕಿಯ ಕಡೆ ನೋಡಿದಳು. ಶೈಲಜಾ ಪಕ್ಕಕ್ಕೆ ಸರಿದು ಜಾಗ ಮಾಡುತ್ತಿದ್ದಳು.

ಅಕ್ಕೋರು ಹತ್ತನೆಯದನ್ನು ಎತ್ತಿದರು.

ರಾಯವ್ವನ ಬಾಯಿ ತೆರೆಯಿತು. ಮುಚ್ಚಿತು. ಕೈ ತಾನಾಗಿ ಸೆರಗು ಹುಡುಕಿತು.

"ಓದ್ರಿ ಆಯಿ. ಬ...?" ಅಕ್ಕೋರಿಗೆ ಮಧುಳ ಅಪ್ಪನ ಹೆಸರು ಹಾಜರಿಯಿಂದ ಗೊತ್ತಿತ್ತು, ಅಜ್ಜನದು ಗೊತ್ತಿರಲಿಲ್ಲ. ಅಷ್ಟು ಉದ್ದದ ಶಬ್ದ, ಒತ್ತಕ್ಷರ ಬೇರೆ, ಕಷ್ಟವಾಗಿರಬೇಕು ಎಂದುಕೊಂಡರು. "ಬ... ಸ...?"

ರಾಯವ್ವ ನೆಲ ನೋಡಿದಳು. ಹಿಂದೆ ಗೋಡೆಗೆ ನಿಂತ ಬಸವಣ್ಣೆಪ್ಪ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದ.

"ಇರಲಿ ಬಿಡ್ರಿ. ಒಂಬತ್ತು ಓದಿದ್ರಿ, ಅದೇ ಭಾಳ ಆತು." ಅಕ್ಕೋರು ಚೀಟಿ ಇಳಿಸಿದರು. "ಮಧು, ಮುಂದಿನ ವಾರ ಮತ್ತ ನೋಡೂಣಂತ. ಸದ್ಯಕ್ಕ ನನ್ನ ಹತ್ರನ ಕುಂದ್ರು."

ಮಧುಳ ಕೈಯೊಳಗಿನ ಬಳಪ ಎರಡು ತುಂಡಾಯಿತು. ಅವಳು ಕುರ್ಚಿಯ ಕಾಲಿನ ಕಡೆ ತಿರುಗಿದಳು. ಬಸವಣ್ಣೆಪ್ಪನ ಬಾಯಿಂದ ಟವೆಲ್ಲು ಜಾರಿತು. ಅದರ ಹಿಂದಿದ್ದ ನಗು ಎಲ್ಲಿ ಹೋಯಿತೋ.

"ಅಕ್ಕೋರ, ತಪ್ಪು ನಂದೈತ್ರೀ..." ಎಂದು ಒಂದು ಹೆಜ್ಜೆ ಮುಂದಿಟ್ಟ.

"ನೀವು ಅಲ್ಲೇ ನಿಂದರ್ರಿ!" ರಾಯವ್ವ ತಿರುಗಿ ನೋಡದೆ ಕೈ ಎತ್ತಿದಳು. ಜೋಳದ ಚೀಲದ ಮೇಲಿನಂಥ ಆ ದಪ್ಪ ಅಕ್ಷರ ಯಾರ ಕೈಯದೆಂದು ಅವಳಿಗೆ ಗೊತ್ತಾಗಿತ್ತು. ಅವಳು ಇನ್ನೇನು ಹೇಳುವವಳಿದ್ದಳೋ, ಅಷ್ಟರಲ್ಲಿ ತರಗತಿಯಲ್ಲಿ ಸಣ್ಣದೊಂದು ಕೆಮ್ಮು ಕೇಳಿಸಿತು.

ಅಕ್ಕೋರೇ ಕೆಮ್ಮಿದರೆಂದು ಎಲ್ಲರೂ ಅವರನ್ನು ನೋಡಿದರು. ಅಕ್ಕೋರು ಮಧುಳನ್ನು ನೋಡುತ್ತಿದ್ದರು.

"ಪಾಠ ಇನ್ನೂ ಮುಗಿದಿಲ್ಲ!" ಮಧು ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿದ್ದಳು. ದನಿ ಹೊರಗಿನ ಬೇವಿನ ಮರದವರೆಗೂ ಹೋಯಿತು. "ನಮ್ಮ ಆಯಿಗೆ ಅದು ಓದಾಕ ಬರ್ತೈತಿ. ಹೇಳಾಕ ಬರಂಗಿಲ್ಲ!"

"ಹಂಗಂದ್ರ?" ಎಂದರು ಅಕ್ಕೋರು.

"ಅದು ನಮ್ಮ ಅಜ್ಜನ ಹೆಸರು. ನಾ ಬರದದ್ದು ಬಾಗಿಲು. ಅಜ್ಜನೇ ಬದಲಿ ಮಾಡ್ಯಾನ."

ಜಮಖಾನೆಗೆ ಜಮಖಾನೆಯೇ ನಕ್ಕಿತು. "ಏ ಮಾರಾಯಾ, ನಿನ್ನ ವಯಸ್ಸಿಗೆ ಇದೇನೋ!" ಎಂದು ಗೋಡೆಯ ಗಂಡಸರು ಬಸವಣ್ಣೆಪ್ಪನನ್ನು ತಿವಿದರು. ಅಕ್ಕೋರು ಚೀಟಿಯನ್ನೂ ಮುದುಕನನ್ನೂ ನೋಡಿ, ತುಟಿ ಬಿಗಿಹಿಡಿದು, "ಹಂಗಾದ್ರ ಈ ಚೀಟಿ ಬಿಡೂಣ. ಬಾಗಿಲು ಅಂತ ನಾನು ಬರೀತೇನಿ," ಎಂದು ಬಳಪ ಕೈಗೆತ್ತಿಕೊಂಡರು.

"ಬ್ಯಾಡ್ರಿ," ಎಂದಳು ರಾಯವ್ವ. "ನಮ್ಮ ಹುಡುಗಿ ಗೆದ್ದು ಹೋಗಿ ಕಿಟಕ್ಯಾಗ ಕುಂದ್ರಬೇಕು. ಯಾರೂ ರಿಯಾಯಿತಿ ಕೊಟ್ರು ಅನಬಾರದು. ಎತ್ತಿದ ಚೀಟಿ ಓದತೇನಿ."

"ಒಡಪು ಹಾಕ ರಾಯವ್ವಾ!" ಎಂದಳು ನೆರೆಮನೆಯ ಪದ್ಮವ್ವ, ಮೊಣಕಾಲ ಮೇಲೆ ಎದ್ದು. "ಹಾಕ, ಹಾಕ!" ಎಂದರು ಉಳಿದವರು. ಸಭೆ ಕುಬಸದ ಮನೆಯಾಯಿತು.

ರಾಯವ್ವ ಸೆರಗು ಸರಿಮಾಡಿಕೊಂಡಳು. ಅಕ್ಕೋರ ಕೈಯಿಂದ ಚೀಟಿ ಇಸಿದುಕೊಂಡು, ಅಕ್ಷರದ ಕೆಳಗೆ ಹಿಟ್ಟಿನಲ್ಲಿ ಓಡಾಡಿದ ಬೆರಳನ್ನೇ ಇಟ್ಟಳು. ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಕಾದ ಹಂಚಿನ ಮ್ಯಾಲ ರೊಟ್ಟಿ, ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಮೊಮ್ಮಗಳ ಚೀಟಿ ಕದ್ದ ಬ-ಸ-ವ-ಣ್ಣೆ-ಪ್ಪಾರಿಗೆ ಇನ್ನೂ ಬರವಲ್ದು ಬುದ್ಧಿ!"

ಸಾಲಿಯ ಹಂಚು ಹಾರುವಂತೆ ನಗು ಎದ್ದಿತು. ಅಕ್ಕೋರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈ ಗದ್ದಲದಲ್ಲೇ ಮಧು ಅರ್ಧ ಬಳಪದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಬರೆದು ಮುಗಿಸಿ, ನಗು ಇಳಿಯುವ ತನಕ ಕಾದು, ಯಾರ ದನಿಯನ್ನೂ ಸಾಲ ತಾರದೆ ತನ್ನದೇ ದನಿಯಲ್ಲಿ ಓದಿದಳು:

"ಬಸವಣ್ಣೆಪ್ಪ ಅಜ್ಜ ಸೋಮವಾರದಿಂದ ನಮ್ಮ ಸಾಲೆಯಲ್ಲಿ ಕೈ ಕಟ್ಟಿ ಕೂಡುತ್ತಾನೆ."

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಬಸವಣ್ಣೆಪ್ಪ. ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆ ಹಿಡಿದು, ಕೆಮ್ಮು ಬರುವ ತನಕ ನಕ್ಕ. ಕೆಮ್ಮಿದ ಮೇಲೆ ಮತ್ತೆ ನಕ್ಕ. ಮಧು ಕಿಟಕಿಯ ಬದಿಗೆ ಹೋಗಿ, ಹಗ್ಗದಿಂದ ಹಳದಿ ರಟ್ಟಿನ ಪುಸ್ತಕ ಇಳಿಸಿಕೊಂಡು, ಶೈಲಜಾ ಬಿಟ್ಟ ಜಾಗದಲ್ಲಿ ಕುಳಿತಾಗಲೂ ಆ ನಗು ನಿಂತಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಅವನು ಹೋಗಿಬರುವವರಿಗೆಲ್ಲ ಒಡಪು ಒಪ್ಪಿಸುತ್ತಿದ್ದ. ರಾಯವ್ವನ ದನಿ ಹುಬೇಹೂಬು. ಹೆಸರಿನ ಹತ್ತಿರ ಬಂದಾಗ ಮಾತ್ರ ಪ್ರತಿ ಸಲವೂ ಸ್ವಲ್ಪ ತಡವರಿಸಿ, ನಕ್ಕು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಒಳಗೆ ರಾಯವ್ವ ಹಿತ್ತಾಳೆಯ ಕೊಡ ತೊಳೆದು, ಸೆರಗಿನ ತುದಿಯಿಂದ ಕಂಠದ ಕೆಳಗೆ ಒರೆಸಿ, ಮೂಲೆಯಲ್ಲಿ ಇಟ್ಟಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಕೊಡವನ್ನು ಸುತ್ತಿಸಿ, ಅಕ್ಷರ ಒಲೆಯ ಕಡೆ ಮುಖ ಮಾಡುವಂತೆ ಇಟ್ಟು, ಪರಾತ ಎಳೆದುಕೊಂಡು ಕುಳಿತಳು.