ಬೆನ್ನುನೋವೆಂದು ಹೇಳಿದ ಕಾಯಿಲೆ

ನಮ್ಮ ಮನೆಯಲ್ಲಿ ಬೆಳಗಾಗುವುದೇ ಅಮ್ಮನ ಹೊಲಿಗೆ ಯಂತ್ರದ ಸದ್ದಿನಿಂದ. ಶಾಲೆಯ ಸಮವಸ್ತ್ರಗಳಿಗೆ ಕಾಲರ್ ಕೂರಿಸುತ್ತಲೇ ಅವಳು ಒಲೆಯ ಮೇಲಿನ ಹಾಲಿಗೂ ಕಿವಿಗೊಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಎಡಮೊಲೆಯ ಗಡ್ಡೆ ತೆಗೆಸಿದಾಗ ನೆರೆಹೊರೆಗೆ ನಾವು ಹೇಳಿದ್ದು ಬೆನ್ನುನೋವೆಂದು. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಆದರೆ ಎದುರುಮನೆಯ ಸೊಸೆ ಆ ಆಸ್ಪತ್ರೆಯಲ್ಲೇ ನರ್ಸು. ಅವಳು ಕಂಡರೆ ಸುದ್ದಿ ಬೀದಿಗೆ ಬೀಳುತ್ತದೆಂದು ಅಮ್ಮ ಹೋಗಲಿಲ್ಲ. ಡಿಗ್ರಿ ಮುಗಿಸಿದ ನಾನೂ ಹೋಗೆನ್ನಲಿಲ್ಲ. ಮರ್ಯಾದೆಯ ಹೆಸರಿನಲ್ಲಿ ನಮ್ಮ ಮನೆ ಸಾಕಿಕೊಂಡ ಮೌನದಲ್ಲಿ ನನಗೂ ಪಾಲಿತ್ತು.

ಈಗ ಗಡ್ಡೆ ಮರಳಿದೆ. ಈ ಸಲ ಇಡೀ ಮೊಲೆಯನ್ನೇ ತೆಗೆಯಬೇಕು, ಎರಡು ವಾರ ಮೀರಬಾರದು ಎಂದಿದ್ದಾರೆ ಡಾಕ್ಟರು.

“ಇವಳ ಮದುವೆ ಆಗ್ಲಿ. ನಾಲ್ಕು ತಿಂಗಳಲ್ಲಿ ಆಕಾಶ ಏನು ಕಳಚಿ ಬೀಳುತ್ತಾ?” ಅಪ್ಪನ ತಾಯಿ, ನನ್ನಜ್ಜಿ, ನನ್ನತ್ತ ಬೆರಳು ತೋರಿದಳು. “ತಾಯಿಗೆ ಬಂದಿದ್ದು ಮಗಳಿಗೂ ಬರುತ್ತೆ ಅಂತ ಗಂಡಿನ ಕಡೆಯವರು ಕಾಲಿಗೆ ಬುದ್ಧಿ ಹೇಳ್ತಾರೆ. ಅಲ್ದೆ ಕತ್ತರಿ ಮುಟ್ಟಿದ್ರೆ ಅದು ಇನ್ನೂ ಹಬ್ಬುತ್ತೆ.”

“ಕತ್ತರಿಯಿಂದ ಹಬ್ಬಲ್ಲ ಅಜ್ಜಿ. ನಾವು ಮುಚ್ಚಿಟ್ವಲ್ಲ, ಅದಕ್ಕೇ ಗೊತ್ತಾಗೋದು ತಡ ಆಯ್ತು.”

“ಓದಿದ್ದು ಹೆಚ್ಚಾಯ್ತು ನಿಂಗೆ!”

ಅಪ್ಪ ಪತ್ರಿಕೆಯ ಅದೇ ಪುಟವನ್ನು ಮತ್ತೆ ಮಡಿಸಿದರು. “ಅಜ್ಜಿ ಹೇಳೋದನ್ನೂ ಸ್ವಲ್ಪ ಯೋಚ್ನೆ ಮಾಡೋಣ,” ಎಂದರು. ಯಂತ್ರದ ಮುಂದೆ ಕೂತಿದ್ದ ಅಮ್ಮನನ್ನು ಯಾರೂ ಕೇಳಲಿಲ್ಲ.

ಭಾನುವಾರ ಗಂಡಿನ ತಂದೆತಾಯಿ ಮದುವೆಯ ದಿನ ಗೊತ್ತುಮಾಡಲು ಬಂದರು. ಎಡಗೈ ಎತ್ತಲಾಗದೆ ಅಮ್ಮ ಒಂದೊಂದೇ ಲೋಟ ಟೀ ತಂದಿಟ್ಟಳು.

“ಏನು ಬೀಗಿತ್ತೀ, ಕೈಗೆ ಪೆಟ್ಟಾಗಿದ್ಯಾ?” ಎಂದರು ಗಂಡಿನ ತಾಯಿ.

“ಬೆನ್ನುನೋವು ಕಣಮ್ಮಾ,” ಅಜ್ಜಿ ನಡುವೆ ಬಾಯಿ ಹಾಕಿದಳು.

ಅಮ್ಮ ಕೊನೆಯ ಲೋಟ ಇಟ್ಟು ನೆಟ್ಟಗೆ ನಿಂತಳು. “ಬೆನ್ನಲ್ಲ. ಮೊಲೇಲಿ ಗಡ್ಡೆ. ಇದು ಎರಡನೇ ಸಲ. ಶುಕ್ರವಾರ ಆಪರೇಷನ್ ಮಾಡಿಸ್ಕೋತೀನಿ. ಮದುವೆ ದಿನ ಆಮೇಲೆ ನೋಡೋಣ.”

ಅವರು ಟೀ ಅರ್ಧಕ್ಕೇ ಬಿಟ್ಟು, “ತಿಳಿಸ್ತೀವಿ” ಎಂದು ಎದ್ದರು.

“ಕೈಯಾರೆ ಮಗಳ ಬಾಳಿಗೆ ಕಲ್ಲು ಹಾಕಿದ್ಯಲ್ಲೇ!” ಅಜ್ಜಿ ಗೋಳಾಡಿದಳು.

“ಇಷ್ಟಕ್ಕೇ ಹೆದರೋ ಮನೆಗೆ ನಾನು ಹೋಗಲ್ಲ ಅಜ್ಜಿ,” ಎಂದೆ. ಅರ್ಧ ಉಳಿದ ಲೋಟಗಳನ್ನು ಎತ್ತಿಕೊಂಡೆ.

ಶುಕ್ರವಾರ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಕಾಗದ ತಿರುವಿ ಹಾಕಿದರು. “ನಡುವೆ ಒಂದು ಸಲವೂ ತೋರಿಸಿಲ್ವಲ್ಲಮ್ಮ, ಯಾಕೆ? ಕಾರಣ ಬರೀಬೇಕು.”

ಅಪ್ಪ ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಮಡಿಸಿದರು.

“ನಾಚಿಕೆ ಅಂತ ಬರ್ಕೊಳ್ಳಿ,” ಎಂದಳು ಅಮ್ಮ. “ನನ್ನೊಬ್ಬಳದ್ದೇ ಅಲ್ಲ, ಮನೆಯವರೆಲ್ಲರದ್ದು.”