ಜೂನ್ ಒಂದಕ್ಕೆ ಹುಟ್ಟಿದವಳು

ವಿಜಯಪುರದ ಸೀಮೆಯಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖಿಗೆ. ತಾಯಿ ಹೆತ್ತದ್ದು ಯಾವ ತಿಂಗಳಲ್ಲೋ, ಯಾವ ಹೊಲದ ಬದುವಿನಲ್ಲೋ. ಶಾಲೆಗೆ ಹೆಸರು ಹಚ್ಚಿಕೊಳ್ಳುವ ಮಾಸ್ತರರು ಮಾತ್ರ ಎಲ್ಲರನ್ನೂ ಜೂನ್ ಒಂದಕ್ಕೇ ಹುಟ್ಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಆ ದಿನ ಇಡೀ ಜಿಲ್ಲೆಗೆ ಒಂದೇ ಕೇಕು ತರಿಸಿದರೆ ಸಾಕು ಎಂದು ಸಿಸ್ಟರ್ ಸೆವರಿನ್ ನಗುತ್ತಿದ್ದ ಕಾಲವೂ ಇತ್ತು.

ಸಿಸ್ಟರ್ ಸೆವರಿನ್ ಮಂಗಳೂರಿನ ಕಡೆಯವರು. ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಕಾನ್ವೆಂಟಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಅಲ್ಲಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದರು, ಹನ್ನೆರಡು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದರು, ನಿವೃತ್ತರಾದ ಮೇಲೆ ಹೆಣ್ಣುಮಕ್ಕಳ ಬೋರ್ಡಿಂಗು ನೋಡಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಅವರು ಗದರಿದರೆ ಗೋಡೆಯ ಸುಣ್ಣ ಉದುರಬೇಕು. ಕಾನ್ವೆಂಟಿನೊಳಗೆ ಕಾಲಿಟ್ಟರೆ ಅದೇ ಹೆಂಗಸು ಹೊಸ ಚಪ್ಪಲಿ ಕೊಳ್ಳಲಿಕ್ಕೂ ಅನುಮತಿ ಕೇಳುವವರು. ಇಪ್ಪತ್ತೆರಡನೆಯ ವಯಸ್ಸಿಗೆ ವಿಧೇಯತೆಯ ವ್ರತ ತೊಟ್ಟು, ಹೋಗೆಂದಲ್ಲಿಗೆ ಹೋಗಿ, ನಿಲ್ಲೆಂದಲ್ಲಿ ನಿಂತು ನಲವತ್ತು ವರ್ಷ ಕಳೆದಿದ್ದರು. ತಾವಾಗಿ ಒಂದು ನಿರ್ಧಾರ ಮಾಡುವುದು ಹೇಗೆಂಬುದೇ ಅವರಿಗೆ ಮರೆತುಹೋಗಿತ್ತು.

ಆದರೂ ಯಾರನ್ನೂ ಕೇಳದೆ ಒಂದು ಕೆಲಸ ಮಾಡುತ್ತಿದ್ದರು. ಎರಡು ಸಾವಿರದ ಹದಿಮೂರರ ಜೂನಿನಲ್ಲಿ ತಿಕೋಟಾದ ಸೋನಾಬಾಯಿ ಎಂಬ ಮುದುಕಿ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಮಗುವಿನ ತಾಯಿ ತೀರಿಕೊಂಡಿದ್ದಳು. ತಂದೆ ದಶರಥ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು ಎಂದು ಕೂಲಿಗೆ ತಿರುಗುವವನು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು. ಆಮ್ರಪಾಲಿ ಎಂಬ ಆ ಮಗುವಿಗೆ ನಾಲ್ಕು ವರ್ಷ ಎಂಟು ತಿಂಗಳು. ಒಂದನೇ ತರಗತಿಗಿಂತ ಕೆಳಗಿನವರನ್ನು ಬೋರ್ಡಿಂಗಿಗೆ ಸೇರಿಸಿಕೊಳ್ಳುವಂತಿರಲಿಲ್ಲ, ಒಂದನೇ ತರಗತಿಗೆ ಆ ವಯಸ್ಸು ಸಾಲುತ್ತಿರಲಿಲ್ಲ. ಮುದುಕಿ ಮಾತಾಡುತ್ತಿದ್ದಷ್ಟು ಹೊತ್ತು ಮಗು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೀಚುತ್ತ ಕೂತಿತ್ತು. ಸಿಸ್ಟರ್ ದಾಖಲಾತಿ ಪುಸ್ತಕ ತೆರೆದು, ಹುಟ್ಟಿದ ದಿನ ಒಂದು ಆರು ಎರಡು ಸಾವಿರದ ಏಳು ಎಂದು ಬರೆದರು. ಹದಿನಾರು ತಿಂಗಳ ಸುಳ್ಳು. ಅಂಥ ಸುಳ್ಳು ಅವರು ಹಿಂದೆಯೂ ಬರೆದಿದ್ದರು, ಮುಂದೆಯೂ ಬರೆದರು. ಒಂದನ್ನೂ ಪಾಪನಿವೇದನೆಯಲ್ಲಿ ಹೇಳಿಕೊಳ್ಳಲಿಲ್ಲ, ಏಕೆಂದರೆ ಅದು ಪಾಪವೆಂದು ಅವರಿಗೆ ಅನಿಸಿರಲೇ ಇಲ್ಲ.

ಆಮ್ರಪಾಲಿ ಬೋರ್ಡಿಂಗಿನಲ್ಲೇ ಬೆಳೆದಳು. ಎರಡನೇ ಪಿಯುಸಿಯನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿ, ನರ್ಸಿಂಗ್ ಓದುತ್ತೇನೆಂದು ಹೇಳಿ ರಜೆಗೆ ಊರಿಗೆ ಹೋದಳು. ಮೇ ಇಪ್ಪತ್ತೇಳಕ್ಕೆ ತಿಕೋಟಾದ ಬಸ್ಸಿಳಿದು ತಿರುಗಿ ಬಂದಾಗ ಅವಳ ಕೈಯಲ್ಲಿದ್ದದ್ದು ಅವಳದೇ ಲಗ್ನಪತ್ರಿಕೆ. ವರ ಸಾರವಾಡದ ಅಜಿತ, ಟ್ರ್ಯಾಕ್ಟರ್ ಓಡಿಸುವವನು, ಕುಡಿತ ಗಿಡಿತ ಇಲ್ಲದವನು. ಲಗ್ನ ಜೂನ್ ಐದಕ್ಕೆ. ದಶರಥ ಕಾಯಿದೆಗೆ ಅಂಜುವ ಮನುಷ್ಯ, ಒಂದನೇ ತಾರೀಖು ದಾಟಲೆಂದೇ ಕಾದಿದ್ದ.

"ಕಾಗದದಾಗ ನನಗ ಹದಿನೆಂಟು ತುಂಬತಾವ್ರಿ ಸಿಸ್ಟರ್," ಎಂದಳು ಆಮ್ರಪಾಲಿ. "ಅಪ್ಪಗ ಖರೇ ಗೊತ್ತೈತಿ, ಅಂವ ಹೇಳಂಗಿಲ್ಲ. ಅಜ್ಜಿ ಸತ್ತಾಳ. ಹೇಳವ್ರು ನೀವ ಒಬ್ಬರು."

ಹೇಳುತ್ತೇನೆ, ನೀನು ಹೆದರಬೇಡ ಎಂದರು ಸಿಸ್ಟರ್. ತಂದೆಯ ಒಪ್ಪಿಗೆ ಇಲ್ಲದೆ ಹುಡುಗಿಯನ್ನು ಬೋರ್ಡಿಂಗಿನಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಸಂಜೆಯ ಬಸ್ಸಿಗೆ ತಾವೇ ಹತ್ತಿಸಿ ಬಂದರು.

ಮರುದಿನವೇ ಬಾಲ್ಯವಿವಾಹ ತಡೆಯುವ ಅಧಿಕಾರಿ ಸುಧಾರಾಣಿಗೆ ಫೋನು ಮಾಡಿದರು. ಆಕೆ ಮೂವತ್ತನೇ ತಾರೀಖಿಗೆ ಪೊಲೀಸರನ್ನು ಕರೆದುಕೊಂಡು ತಿಕೋಟಾಕ್ಕೆ ಹೋದಳು. ದಶರಥ ಕೂಗಾಡಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಶಾಲೆಯ ದಾಖಲೆ ತೆಗೆದು ಮುಂದಿಟ್ಟ. ಅದರ ಕೆಳಗೆ ಸಿಸ್ಟರ್ ಸೆವರಿನ್ ಸಹಿ ಇತ್ತು. ನಾವು ಓದಿದವರಲ್ಲ, ಸಿಸ್ಟರು ಬರೆದದ್ದೇ ಸುಳ್ಳಾದರೆ ಯಾರನ್ನು ನಂಬುವುದು ಎಂದು ಕೇಳಿದ. ಸುಧಾರಾಣಿ ಅಲ್ಲಿಂದ ನೇರ ಕಾನ್ವೆಂಟಿಗೆ ಬಂದಳು. ಹುಡುಗಿ ಮನೆಯಲ್ಲೇ ಹುಟ್ಟಿದವಳು, ಬೇರೆ ದಾಖಲೆ ಎಲ್ಲೂ ಇಲ್ಲ.

"ನಾ ಬರದದ್ದು ಸುಳ್ಳು ಅಂತ ನೀವ ಸಹಿ ಮಾಡಿ ಕೊಡ್ರಿ," ಎಂದಳು. "ನಾಕನೇ ತಾರೀಖಿನೊಳಗ ಕೊಟ್ರ ಲಗ್ನ ನಿಲ್ಲಸ್ತೇನಿ."

ಅಂದೇ ಮಧ್ಯಾಹ್ನ ಸಿಸ್ಟರ್ ಸೆವರಿನ್ ಅರ್ಧ ಪುಟದ ಪತ್ರ ಬರೆದರು. ಬರೆದು, ಸಹಿ ಹಾಕದೆ, ಅನುಮತಿ ಕೇಳಲು ಹೋದರು. ಕಾನ್ವೆಂಟಿನ ಮೇಲ್ವಿಚಾರಕಿ, ಶಾಲೆಯ ಈಗಿನ ಹೆಡ್‌ಮಿಸ್ಟ್ರೆಸ್, ಎರಡೂ ಒಬ್ಬರೇ, ಸಿಸ್ಟರ್ ಜೆಸಿಂತಾ. ಸೆವರಿನ್ ಅವರಿಗಿಂತ ಹದಿನೆಂಟು ವರ್ಷ ಚಿಕ್ಕವರು. ಅವರು ಪತ್ರ ಓದಿದರು. ಹೀಗೆ ಇನ್ನೆಷ್ಟು ಮಕ್ಕಳಿಗೆ ಬರೆದಿದ್ದೀರಿ ಎಂದು ಕೇಳಿದರು. ಎಣಿಸಿಲ್ಲ, ಮೂವತ್ತೋ ನಲವತ್ತೋ ಎಂದರು ಸಿಸ್ಟರ್. ಅವರಲ್ಲಿ ಒಬ್ಬ ಪೊಲೀಸನಾಗಿದ್ದ, ಇಬ್ಬರು ನರ್ಸುಗಳಿದ್ದರು, ಒಬ್ಬಳು ಬ್ಯಾಂಕಿನಲ್ಲಿದ್ದಳು. ಒಂದು ಸುಳ್ಳೆಂದು ಬರೆದುಕೊಟ್ಟರೆ ಎಲ್ಲರ ಕಾಗದಕ್ಕೂ ಸಂಚಕಾರ. ಇದು ನಮ್ಮ ಸನ್ಯಾಸಿನಿಯರ ಇಡೀ ಸಭೆಗೆ ತಟ್ಟುವ ಮಾತು, ಪ್ರಾಂತ್ಯಕ್ಕೆಲ್ಲ ಮೇಲಿನವರಾದ ಮದರ್ ಅವರನ್ನೇ ಕೇಳಬೇಕು ಎಂದರು ಜೆಸಿಂತಾ. ಮದರ್ ವರ್ಷಕ್ಕೊಮ್ಮೆಯ ಎಂಟು ದಿನದ ಮೌನಧ್ಯಾನಕ್ಕೆ ಕೂತಿದ್ದರು. ಫೋನು ಬಂದ್. ಏಳುವುದು ಆರನೇ ತಾರೀಖಿಗೆ.

ಲಗ್ನ ಐದಕ್ಕೆ ಎಂದು ಸಿಸ್ಟರ್ ಸೆವರಿನ್ ನೆನಪಿಸಿದರು.

"ನಾನು ಬೇಡ ಅಂತ ಹೇಳ್ತಿಲ್ಲ ಸಿಸ್ಟರ್," ಎಂದರು ಜೆಸಿಂತಾ. "ಕಾಯಿರಿ ಅಂತ ಹೇಳ್ತಿದ್ದೇನೆ."

ಸಿಸ್ಟರ್ ಸೆವರಿನ್ ಕಾದರು. ಕೇಳಿದವರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು? ಹಾಕಿದ್ದರೆ ಯಾರೂ ಅವರ ಕೈ ಕಡಿಯುತ್ತಿರಲಿಲ್ಲ. ಆದರೆ ತಾನಾಗಿ ಮಾಡಿದ್ದೇ ಇಷ್ಟು ಅನರ್ಥಕ್ಕೆ ಬಂತಲ್ಲ, ಈ ಸಲವಾದರೂ ಹೇಳಿದಂತೆ ಕೇಳೋಣ ಎಂದು ಅವರು ಪ್ರಾಮಾಣಿಕವಾಗಿ ನಂಬಿಬಿಟ್ಟರು. ಸುಧಾರಾಣಿ ಎರಡು ಸಲ ಫೋನು ಮಾಡಿದಳು. ನಾಲ್ಕನೇ ತಾರೀಖು ಸಂಜೆ ಯಾರದೋ ಮೊಬೈಲಿನಿಂದ ಆಮ್ರಪಾಲಿಯೇ ಮಾಡಿದಳು. ಹಿಂದೆ ಹೆಂಗಸರು ಅರಿಷಿಣ ಹಚ್ಚುತ್ತ ಹಾಡುವುದು ಕೇಳುತ್ತಿತ್ತು.

"ಬರದ್ರೇನ್ರಿ ಸಿಸ್ಟರ್?"

"ನಾಡಿದ್ದು ಉತ್ತರ ಬರುತ್ತದೆ ಮಗಳೇ."

ಹುಡುಗಿ ಫೋನು ಇಡಲಿಲ್ಲ. ಬಹಳ ಹೊತ್ತು ಹಾಡು ಮಾತ್ರ ಕೇಳುತ್ತಿತ್ತು. ಕೊನೆಗೆ ಸಿಸ್ಟರೇ ಇಟ್ಟರು.

ಆರನೇ ತಾರೀಖು ಮಧ್ಯಾಹ್ನ ಮದರ್ ಫೋನು ಮಾಡಿದರು. ಎಲ್ಲವನ್ನೂ ಮೊದಲಿನಿಂದ ಕೇಳಿದರು. ಕೇಳಿ, ಬೈಯಲಿಲ್ಲ, ತೀರಾ ಮೆತ್ತಗಿನ ದನಿಯಲ್ಲಿ, "ಸಿಸ್ಟರ್, ಇದಕ್ಕೆ ನನ್ನನ್ನು ಕೇಳಬೇಕಾಗಿತ್ತೇ?" ಎಂದರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಿಸ್ಟರ್ ಸೆವರಿನ್ ಪತ್ರಕ್ಕೆ ಸಹಿ ಹಾಕಿ, ಆಟೋ ಹಿಡಿದು ಸುಧಾರಾಣಿಯ ಕಚೇರಿಗೆ ಹೋದರು. ಆಕೆ ಓದಿ ನಿಟ್ಟುಸಿರುಬಿಟ್ಟಳು. ಮೊನ್ನೆ ಕೊಟ್ಟಿದ್ದರೆ ಇದು ಲಗ್ನ ನಿಲ್ಲಿಸುವ ಕಾಗದವಾಗುತ್ತಿತ್ತು, ಇವತ್ತು ಕೇಸಿನ ಕಾಗದ ಎಂದಳು. ಲಗ್ನ ಮಾಡಿಕೊಟ್ಟ ತಂದೆಯ ಮೇಲೆ ಕೇಸು. ಗಂಡನ ಮೇಲೆ ಅದಕ್ಕಿಂತ ದೊಡ್ಡದು, ಜಾಮೀನೂ ಸುಲಭಕ್ಕೆ ಸಿಗುವುದಿಲ್ಲ. ಇಬ್ಬರೂ ಜೀಪಿನಲ್ಲಿ ಬಬಲೇಶ್ವರದ ರಸ್ತೆ ಹಿಡಿದು ಸಾರವಾಡಕ್ಕೆ ಹೋದರು.

ಅಂಗಳದಲ್ಲಿ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಮಗಳನ್ನು ಬಿಡಲು ಬಂದಿದ್ದ ದಶರಥ ಅಲ್ಲೇ ಇದ್ದ. ಅಜಿತ ಕೈಗೆ ಹತ್ತಿದ್ದ ಟ್ರ್ಯಾಕ್ಟರಿನ ಗ್ರೀಸು ಒರೆಸಿಕೊಳ್ಳುತ್ತ ಬಂದು ನಿಂತ. ಇಪ್ಪತ್ತಮೂರರ ಹುಡುಗ, ಜೀಪು ನೋಡಿಯೇ ಮುಖ ಬಿಳುಚಿಕೊಂಡಿತ್ತು. ಆಮ್ರಪಾಲಿ ತಲೆಯ ಮೇಲೆ ಸೆರಗು ಹೊದ್ದು ಒಳಗಿನಿಂದ ಬಂದಳು. ಸುಧಾರಾಣಿಯ ಕೈಯಿಂದ ಪತ್ರ ಇಸಿದುಕೊಂಡು, ಸಿಸ್ಟರ್ ಕಲಿಸಿದ ಹಾಗೆ, ಎರಡು ಸಲ ಓದಿದಳು.

"ಇದಕ್ಕ ನಾ ಹೂಂ ಅಂದ್ರ ಇವರನ್ನ ಏನ್ ಮಾಡ್ತೀರಿ?"

ಸುಧಾರಾಣಿ ಮುಚ್ಚಿಡದೆ ಹೇಳಿದಳು. ನಾನೆಲ್ಲಿರಬೇಕು ಎಂದು ಹುಡುಗಿ ಕೇಳಿದಳು. ಹದಿನೆಂಟು ತುಂಬುವ ತನಕ ಸರಕಾರದ ಬಾಲಮಂದಿರದಲ್ಲಿ ಎಂದಳು ಸುಧಾರಾಣಿ. ದಶರಥ ನೆಲ ನೋಡುತ್ತ ನಿಂತಿದ್ದ. ಆಮ್ರಪಾಲಿ ಒಮ್ಮೆ ಅಪ್ಪನನ್ನು ನೋಡಿ, ಪತ್ರ ಮಡಿಸಿ ಹಿಂದಕ್ಕೆ ಕೊಟ್ಟಳು.

"ಇದು ತಪ್ಪೈತ್ರಿ. ನನಗ ಹದಿನೆಂಟು ತುಂಬ್ಯಾವ. ಸಿಸ್ಟರಿಗೆ ವಯಸ್ಸಾಗೇತಿ, ನೆನಪು ಉಳಿಯಂಗಿಲ್ಲ."

ಸುಧಾರಾಣಿ ದಡ್ಡಿಯಲ್ಲ. ಸಿಸ್ಟರ ಕಡೆ ತಿರುಗಿ, ನೀವೇ ಹೇಳಿ ಎಂದಳು. ಸಿಸ್ಟರ್ ಹುಡುಗಿಯ ಮುಖ ನೋಡಿದರು. ಅಲ್ಲಿ ಸಿಟ್ಟಿದ್ದರೆ ತಾಳಿಕೊಳ್ಳಬಹುದಿತ್ತು. ಇದ್ದದ್ದು ಬೇರೆ: ನಾಲ್ಕು ಜನರ ನಡುವೆ ಏನೋ ಆಡಿಬಿಡಲಿರುವ ಮಗುವನ್ನು ದೊಡ್ಡವರು ಕಣ್ಣಿನಲ್ಲೇ ಸುಮ್ಮನಿರಿಸುತ್ತಾರಲ್ಲ, ಆ ನೋಟ.

"ಅವಳು ಹೇಳಿದ್ದೇ ಸರಿ," ಎಂದರು. "ನನಗೆ ಮರೆವು."

ಅಜಿತ ಹೋಗಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಸುಧಾರಾಣಿ ಪತ್ರವನ್ನು ಹರಿಯಲಿಲ್ಲ, ಫೈಲಿಗೂ ಸೇರಿಸಲಿಲ್ಲ. ಸಿಸ್ಟರ ಕೈಗೇ ಕೊಟ್ಟಳು. ಆಮ್ರಪಾಲಿ ಎಲ್ಲರಿಗೂ ಚಹಾ ತಂದಳು, ಕುಡಿದೇ ಹೋಗಬೇಕೆಂದಳು. ಸಿಸ್ಟರ್ ಕುಡಿದರು. ಸಕ್ಕರೆ ಸರಿಯಾಗಿದೆಯೇ ಎಂದು ಅವಳು ಕೇಳಿದ್ದಕ್ಕೆ ಹೌದೆಂದೂ ಹೇಳಿದರು.

ಜೀಪು ಸಾರವಾಡ ದಾಟಿ ಡಾಂಬರು ರಸ್ತೆಗೆ ಬಂದಿತು. ಎರಡೂ ಕಡೆ ಬಿತ್ತದ ಕರಿ ಹೊಲ.

"ಅವಳಿಗೆ ಹದಿನಾರು," ಎಂದರು ಸಿಸ್ಟರ್ ಸೆವರಿನ್.

ಸುಧಾರಾಣಿ ರಸ್ತೆಯನ್ನೇ ನೋಡುತ್ತ, "ಗೊತ್ತೈತ್ರಿ," ಎಂದಳು.