ನಿಲ್ಲಿಸಬಾರದ ಪಂಪು

ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅನ್ನುವ ಮಾತು ಗಡಿಯಾರ ರಿಪೇರಿಯವನಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಕೊಂಡ. ಮುಚ್ಚಿಹೋದ ಔಷಧಿ ಕಂಪನಿಯ ಹರಾಜಿನಲ್ಲಿ ಆ ಯಂತ್ರ ಗುಜರಿ ಬೆಲೆಗೆ ಸಿಕ್ಕಿತ್ತು. ಒಂದು ಹನಿ ಹಾಕಿದರೆ ಸಾಕು, ಅದರಲ್ಲಿ ಏನೇನಿದೆ ಅಂತ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಮನೆಗೆ ತಂದಮೇಲೆ ಶುರುವಾಯಿತು ನೋಡಿ: ಗ್ಯಾಸ್ ಸಿಲಿಂಡರು, ಯಂತ್ರದೊಳಗಿನ ಗಾಳಿ ಎಳೆಯಲು ಹಗಲೂ ರಾತ್ರಿ ಗುಂಯ್‌ಗುಡುವ ಪಂಪು, ಎದೆ ಝಲ್ಲೆನ್ನಿಸುವ ಕರೆಂಟ್ ಬಿಲ್ಲು. ಜಾಗ ಸಾಲದೆ ಮಂಚ ಅಡುಗೆಮನೆಗೆ ಹೋಯಿತು. ನಿಂಬೆಸಿಪ್ಪೆ, ಬೂಟ್ ಪಾಲಿಶ್, ಪಕ್ಕದ ಮನೆಯವರ ಸೆಂಟು, ಯಾವುದನ್ನೂ ಬಿಡದೆ ಪರೀಕ್ಷಿಸಿದ. ಕಂಡದ್ದನ್ನು ಹೇಳೋಣವೆಂದರೆ ಕೇಳುವವರು ಯಾರು?

ಬೇರೆ ಊರಿನಲ್ಲಿ ತಂಗಿಯೊಬ್ಬಳಿದ್ದಳು. "ಅಣ್ಣಾ, ಮೇಲಿನ ಕೋಣೆ ಖಾಲಿ ಇದೆ, ಬಂದು ನಮ್ಜೊತೆ ಇದ್ಬಿಡು" ಅಂತ ಫೋನ್ ಮಾಡಿದಾಗಲೆಲ್ಲ ಕರೆಯುತ್ತಿದ್ದಳು.

"ಹೇಗ್ ಬರ್ಲಿ ಪುಟ್ಟಿ? ಪಂಪ್ ನಿಲ್ಲಿಸೋ ಹಾಗಿಲ್ಲ. ನಿಲ್ಸಿದ್ರೆ ಮಿಷನ್ ಒಳಗೆ ಗಾಳಿ ಸೇರತ್ತೆ. ಅದನ್ನ ಎಳೆದು ಹೊರಗ್ ಹಾಕೋಕೆ ದಿನಗಟ್ಲೆ ಬೇಕು."

"ಸರಿ, ಆ ಮಿಷನ್ ಹೆಂಡ್ತೀನ ಚೆನ್ನಾಗ್ ನೋಡ್ಕೋ" ಅಂತ ನಗುತ್ತಿದ್ದಳು. ಬರುಬರುತ್ತಾ ನಗು ಕಡಿಮೆಯಾಯಿತು, ಕರೆಯುವುದೂ ಕಡಿಮೆಯಾಯಿತು.

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಒಳಗಿದ್ದದ್ದು ಭಯ. ಹಂಗಿನ ಊಟ, ತಂಗಿಯ ಗಂಡನ ಮುಖ ನೋಡಿಕೊಂಡು ಕೆಮ್ಮುವ ಬಾಳು ಯಾರಿಗೆ ಬೇಕು! ಬಾಯಿಬಿಟ್ಟು "ಒಲ್ಲೆ" ಅನ್ನಲಾರದವನಿಗೆ ಪಂಪು ಒಂದು ನೆವವಾಯಿತು.

ಒಂದು ಮಧ್ಯಾಹ್ನ ಪಂಪು ಕಿರುಗುಟ್ಟಿ, ಸುಟ್ಟ ವಾಸನೆ ಬಿಟ್ಟು, ನಿಂತೇಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಎಣ್ಣೆ ಡಾಂಬರಾಗಿತ್ತು. ಊರವರ ಗಡಿಯಾರಕ್ಕೆಲ್ಲ ತಪ್ಪದೆ ಎಣ್ಣೆ ಬಿಡುವ ಮಹಾನುಭಾವ, ಇದರ ಎಣ್ಣೆಯನ್ನು ಒಮ್ಮೆಯೂ ಬದಲಿಸಿರಲಿಲ್ಲ. ಬದಲಿಸಬೇಕೆಂದರೆ ಪಂಪು ನಿಲ್ಲಿಸಬೇಕಲ್ಲ! ತಂಗಿಗೆ ಹೇಳಿ ಹೇಳಿ ಆ ಮಾತನ್ನು ತಾನೇ ನಂಬಿಬಿಟ್ಟಿದ್ದ.

ಮನೆ ಗಪ್ಪಾಯಿತು. ತನ್ನ ಉಸಿರು ತನಗೇ ಕೇಳಿಸಿ ಅವನಿಗೆ ಅಳು ಬಂತು. ಇಷ್ಟು ದಿನ ಒಬ್ಬನೇ ಇದ್ದದ್ದು ಅವತ್ತೇ ಅರಿವಿಗೆ ಬಂದ ಹಾಗಾಯಿತು. ಹಂಗಿನ ಊಟವಾದರೂ ಸರಿ, ಹೋಗಿಬಿಡೋಣ ಅಂತ ಫೋನ್ ಎತ್ತಿಕೊಂಡ.

"ಪುಟ್ಟಿ, ಆ ಮೇಲಿನ ಕೋಣೆ..."

"ಅಯ್ಯೋ, ನೀನಂತೂ ಬರಲ್ಲ ಅಂತ ಹೋದ್ ತಿಂಗ್ಳು ಬಾಡಿಗೆಗೆ ಕೊಟ್ವಿ ಅಣ್ಣ. ಯಾಕೆ, ಬರ್ತೀಯಾ?"

"ನಾನೆಲ್ಲಿ ಬರ್ಲಿ. ಸುಮ್ನೆ ಕೇಳ್ದೆ. ಪಂಪ್ ಓಡ್ತಾ ಇದೆಯಲ್ಲ."

"ಓಡ್ತಾ ಇದ್ರೆ ಸದ್ದು ಕೇಳಿಸ್ಬೇಕಿತ್ತಲ್ಲ ಅಣ್ಣ" ಅಂದಳು ತಂಗಿ, ಮೆಲ್ಲಗೆ.

ಇಬ್ಬರೂ ಫೋನ್ ಇಡಲಿಲ್ಲ.